ಕಿಟಕಿಗೆ ಹೊಲಿದ ಹೊದಿಕೆ

ದರ್ಜಿಗೆ ಕ್ಷಯವೆಂದು ಗೊತ್ತಾದ ದಿನವೇ ಮಗಳು ಗುಬ್ಬಿ ಹಿಂದಿನ ಬೀದಿಯ ಅಜ್ಜಿಯ ಮನೆ ಸೇರಿದಳು. ಹೆಂಡತಿ ಅವನ ಲೋಟಕ್ಕೆ ಗುರುತಿಗೆಂದು ಕೆಂಪು ದಾರ ಕಟ್ಟಿದಳು. ಅವನೂ ಸುಮ್ಮನಿರಲಿಲ್ಲ. ಎದೆಗೆ ಥಂಡಿ ತಾಗಬಾರದೆಂದು ಹೊಲಿಗೆಯಲ್ಲಿ ಉಳಿದ ಚಿಂದಿಯನ್ನೆಲ್ಲ ತುಂಬಿ, ಮನೆಗಿದ್ದ ಒಂದೇ ಕಿಟಕಿಗೆ ದಪ್ಪನೆಯ ಹೊದಿಕೆ ಹೊಲಿದ. ಅಂಚಿನುದ್ದಕ್ಕೂ ಅಂಗಿಯ ಗುಂಡಿಗೆ ತೆಗೆಯುವಂತೆ ಕಾಜ ತೆಗೆದು ಚೌಕಟ್ಟಿನ ಮೊಳೆಗಳಿಗೆ ಸಿಕ್ಕಿಸಿದ. "ಇರುವೆ ನುಸುಳಲಿ ನೋಡೋಣ!" ಎಂದು ಬೀಗಿದ.

ಮಾತ್ರೆಗಳನ್ನು ಮಾತ್ರ ತಪ್ಪಿಸಲಿಲ್ಲ. ಕೆಮ್ಮು ಇಳಿಯಿತು, ಅನ್ನ ರುಚಿಸತೊಡಗಿತು. ಕಫದಲ್ಲಿ ಈಗ ರೋಗಾಣು ಕಾಣುತ್ತಿಲ್ಲ ಎಂದರು ಡಾಕ್ಟರು. ಆಸ್ಪತ್ರೆಯ ಸಿಸ್ಟರ್ ಬಂದು ಮನೆ ನೋಡಿ ಹೂಂ ಅಂದರೆ ಗುಬ್ಬಿಯನ್ನು ಕರೆತರಬಹುದು.

ಸಿಸ್ಟರ್ ಒಳಗೆ ಬಂದವರೇ ಹಣೆಯ ಬೆವರು ಒರೆಸಿಕೊಂಡರು.

"ಲೋಟ ಏನು ತಪ್ಪು ಮಾಡ್ತು ಅಕ್ಕ? ಕಟ್ಟಿಹಾಕಿದ್ದೀರಿ!"

"ರೋಗ ಅಂಟಬಾರದಲ್ಲ ಸಿಸ್ಟರ್," ಎಂದಳು ಹೆಂಡತಿ.

"ಇದು ಲೋಟದಿಂದ ಅಂಟಲ್ಲ, ಕೆಮ್ಮಿದ ಗಾಳಿಯಿಂದ ಅಂಟೋದು. ಆ ಗಾಳಿ ಹೊರಗೆ ಹೋಗೋದೆಲ್ಲಿಂದ? ಕಿಟಕಿಗೆ ಸ್ವೆಟರ್ ತೊಡಿಸಿದ್ದೀರಲ್ಲ!"

ಹೆಂಡತಿ ಸೆರಗು ಬಾಯಿಗಿಟ್ಟು ನಕ್ಕಳು. ದರ್ಜಿಯ ಮುಖ ಸಪ್ಪಗಾಯಿತು.

"ಅದು ನನ್ನ ಕೈಯಲ್ಲಿ ಆದ ಒಳ್ಳೇ ಕೆಲಸ, ಸಿಸ್ಟರ್."

"ಒಳ್ಳೇದಾಗಿರೋದೇ ತೊಂದರೆ ಅಣ್ಣ."

"ತೆಗೆದರೆ ಕತ್ತರಿಸಿಟ್ಟ ಬಟ್ಟೆಯೆಲ್ಲ ಹಾರುತ್ತೆ."

"ಮೇಲೆ ಕತ್ತರಿ ಇಡಿ. ಚಳಿಯಾದರೆ ಶಾಲು ಹೊದ್ದುಕೊಳ್ಳಿ. ನಾವು ಸಾಕು ಅನ್ನೋವರೆಗೆ ಮಾತ್ರೆ ಬಿಡಬೇಡಿ. ಆ ಕಿಟಕಿ ತೆರೆದ ದಿನ ಗುಬ್ಬಿಯನ್ನ ಕರ್ಕೊಂಡು ಬನ್ನಿ."

ಗುಬ್ಬಿಯ ಹೆಸರು ಬಂದದ್ದೇ ಅವನು ಎದ್ದ. ಸ್ಟೂಲು ಹತ್ತಿ ಒಂದೊಂದೇ ಕಾಜ ಬಿಡಿಸಿದ. ಬೆಳಕು ಹೊಲಿಗೆ ಯಂತ್ರದ ಮೇಲೆ ಬಿತ್ತು. ಬೀದಿಯ ಗಲಾಟೆ ಒಳಗೆ ಬಂತು. ಹೆಂಡತಿ ಕತ್ತರಿ ತೆಗೆದುಕೊಂಡು ಲೋಟದ ದಾರವನ್ನು ಕಚಕ್ಕನೆ ತುಂಡರಿಸಿದಳು.

ಹೊದಿಕೆಯನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಒಣಹಾಕಿದರು. ಗುಬ್ಬಿ ಮನೆಗೆ ಬಂದಾಗ ಅದು ಕಿಟಕಿಯ ಕೆಳಗೆ ಅವಳ ಹಾಸಿಗೆಯಾಗಿತ್ತು.

"ಅಪ್ಪಾ, ಹಾಸಿಗೆಗೆ ಯಾಕೆ ಕಾಜ?"

"ನೀನು ಮತ್ತೆ ಅಜ್ಜಿ ಮನೆಗೆ ಓಡದ ಹಾಗೆ ಗುಂಡಿ ಹಾಕಿ ಕೂರಿಸೋಕೆ."

ಅಷ್ಟರಲ್ಲಿ ಗಾಳಿ ಬೀಸಿ, ಕತ್ತರಿಸಿಟ್ಟ ಅಂಗಿಯ ತೋಳೊಂದು ನೆಲಕ್ಕೆ ಹಾರಿತು. ಅವನು ಕತ್ತರಿಗಾಗಿ ತಡಕಾಡಿದ. ಗುಬ್ಬಿ ಅಷ್ಟರೊಳಗೆ ಆ ತೋಳಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಾಗಿತ್ತು.

"ಕತ್ತರಿ ಬೇಡಪ್ಪಾ. ನಾನಿದ್ದೀನಲ್ಲ!"