ಉಳಿದ ಫರಸಿ

ಗಂಗಾ ಸ್ಕೂಟರಿನ ಚಾವಿ ತಿರುವುವ ಮೊದಲೇ ಇಬ್ಬರು ಗಂಡಸರು ಅವಳ ಕಂಕುಳಿಗೆ ಕೈ ಹಾಕಿದ್ದರು.

"ಕೈ ತೆಗೀರಿ ಮೊದಲ," ಎಂದಳು.

"ಅಲ್ಲ ತಂಗಿ, ಒಳಗ ಹೆಂಗ ಹೋಗ್ತೀ? ಮೂರು ಪಾವಟಿಗಿ ಅದಾವು," ಎಂದ ಶಂಕ್ರೆಪ್ಪ, ಬಾಗಿಲ ಮುಂದಿನ ಮೆಟ್ಟಿಲಿನತ್ತ ನೋಡಿ. ಸತ್ತ ಅಂದಾನೆಪ್ಪನ ತಮ್ಮ ಅವನು. ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಬಾಳೆಗಿಡ ತರಿಸುವುದು, ಕುಣಿ ತೋಡುವವರಿಗೆ ಚಹಾ ಕಳಿಸುವುದು, ಬೀಗರಿಗೆ ಫೋನು ಮಾಡುವುದು, ಇದರಲ್ಲೇ ಇದ್ದ. ಗಂಗಾಳನ್ನು ಒಳಗೆ ಸೇರಿಸುವುದೂ ಅಂಥದೇ ಇನ್ನೊಂದು ಕೆಲಸ. "ಹನ್ನೆರಡಕ್ಕ ಹೊಂಡೂದೈತಿ. ಎರಡ ನಿಮಿಷದಾಗ ಎತ್ತಿ ಒಳಗ ಇಟ್ಟಬಿಡತೇವಿ."

"ನಾ ಏನ ಜ್ವಾಳದ ಚೀಲೇನ ಎಪ್ಪಾ, ಎತ್ತಿ ಇಡಾಕ?"

ಕಟ್ಟೆಯ ಮೇಲಿದ್ದ ಒಂದಿಬ್ಬರು ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಸಾವಿನ ಮನೆ, ನಗುವಂತಿಲ್ಲ. ಮೊದಲೇ ನಡೆದು ಬಂದಿದ್ದ ಅವ್ವ ಕೆಂಪವ್ವ ಬಾಗಿಲಿನಿಂದ ಕೂಗಿದಳು: "ಮಂದಿ ಮುಂದ ಹಠಾ ಮಾಡಬ್ಯಾಡ ಗಂಗಾ!"

"ಇಲ್ಲಿಂದನ ಕೈ ಮುಗಿ ಯವ್ವಾ," ಎಂದಳು ಓಣಿಯಲ್ಲಿ ಎಲ್ಲರಿಗಿಂತ ಹಿರಿಯಳಾದ ಗುರುಬಸವ್ವ. "ಮುಟ್ಟೂದ ಮುಟ್ಟತೈತಿ ಅವಗ."

ಗಂಗಾಳಿಗೆ ಮೂವತ್ತನಾಲ್ಕು. ಎರಡು ವರ್ಷದವಳಿದ್ದಾಗ ಪೋಲಿಯೋ ಬಂದು ಕಾಲು ಎರಡೂ ಹೋದವು. ಹೊರಗೆ ಪಕ್ಕಗಾಲಿಯ ಸ್ಕೂಟರು. ಮನೆಯೊಳಗೆ ಅಂಗೈ ಊರಿ, ಸೊಂಟ ಎಳೆದುಕೊಂಡು ಓಡಾಟ. ಹದಿನಾರನೆಯ ವಯಸ್ಸಿನಲ್ಲಿ ಸವದತ್ತಿಯ ಒಂದು ಮದುವೆಯಲ್ಲಿ ನಾಲ್ಕು ಹುಡುಗರು ಅವಳನ್ನು ಫೋಟೋಕ್ಕೆಂದು ಎತ್ತಿ ವೇದಿಕೆಯ ಮೇಲೆ ಇಟ್ಟಿದ್ದರು. ಲಂಗ ಮೊಣಕಾಲಿನ ಮೇಲೆ ಸರಿದಿತ್ತು, ಯಾರೋ ನಕ್ಕಿದ್ದರು. ಅಂದಿನಿಂದ ಅವಳು ಯಾರಿಗೂ ಎತ್ತಗೊಟ್ಟಿಲ್ಲ, ಮಂದಿಯ ಮುಂದೆ ತೆವಳಿಲ್ಲ. ಈ ಹದಿನೆಂಟು ವರ್ಷಗಳಲ್ಲಿ ಬಂದ ಮದುವೆ, ಮುಂಜಿ, ಮಣ್ಣು ಎಲ್ಲವನ್ನೂ ಸ್ಕೂಟರಿನ ಮೇಲೆ ಕೂತು ಬೀದಿಯಿಂದಲೇ ಮುಗಿಸಿದ್ದಾಳೆ. ಆದರೆ ಇವತ್ತು ಒಳಗೆ ಕೂಡಿಸಿದ್ದು ಅಂದಾನೆಪ್ಪ ಕಾಕಾನನ್ನು. ಬೀದಿಯಿಂದ ನೋಡಿದರೆ ಬಾಗಿಲು, ಹೆಂಗಸರ ಬೆನ್ನು, ಊದಿನಕಡ್ಡಿಯ ಹೊಗೆ ಅಷ್ಟೇ ಕಾಣುತ್ತಿತ್ತು. ಅವನ ಮುಖ ನೋಡಬೇಕೆಂದರೆ ಎತ್ತಿಸಿಕೊಳ್ಳಬೇಕು, ಇಲ್ಲವೇ ತೆವಳಬೇಕು.

*

ಹೋದ ಬೇಸಿಗೆಯಲ್ಲಿ ಬೈಲಹೊಂಗಲದ ಗೆಳೆಯರ ಬಳಗದ ಹುಡುಗರು ಅವಳ ಮನೆಯನ್ನು ಅವಳಿಗೆ ತಕ್ಕಂತೆ ತಿದ್ದುವ ಕೆಲಸ ಹಿಡಿದಿದ್ದರು. ಮೊಬೈಲ್ ರಿಪೇರಿ ಅಂಗಡಿಯ ಸಚಿನ ಅವರ ಮುಖ್ಯಸ್ಥ. ರವಿವಾರಕ್ಕೊಮ್ಮೆ ಅವಳ ಊರು ನೇಸರಗಿಯಲ್ಲಿ ಬಸ್ಸಿಳಿದು ಬಂದು ಮೆಟ್ಟಿಲು ಒಡೆದು ಇಳಿಜಾರು ಮಾಡಿದರು, ಬಾಗಿಲು ಅಗಲ ಮಾಡಿದರು, ಒಂದು ಗಾಲಿಕುರ್ಚಿಯನ್ನೂ ತಂದುಕೊಟ್ಟರು. ಯರಗಟ್ಟಿಯ ಅಂಗಡಿಯವರೊಬ್ಬರು ಪುಕ್ಕಟೆ ಕೊಟ್ಟ ಟೈಲ್ಸು ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ನೆಲ ಹಾಕುವುದನ್ನು ಕಲಿಸಿಕೊಡಲು ಊರಿನ ಹಳೆಯ ಗೌಂಡಿ ಅಂದಾನೆಪ್ಪನನ್ನು ಕೇಳಿಕೊಂಡಿದ್ದರು. ಅವನು ಸುರೇಬಾನದ ಬೀಗರ ಮನೆಗೆ ಹೋಗಿದ್ದಾಗ ಹುಡುಗರು ತಾವೇ ಪಡಸಾಲೆಗೆ ಟೈಲ್ಸು ಹಾಕಿ ಮುಗಿಸಿಬಿಟ್ಟರು.

ಅಂದಾನೆಪ್ಪ ಬಂದವನು ಬಾಗಿಲಲ್ಲಿ ನಿಂತು ನೋಡಿದ. ಚಲೋ ಆಗೈತಿ ಅನ್ನಲಿಲ್ಲ.

"ತಂಗೀ, ನೀ ಮನ್ಯಾಗ ಹೆಂಗ ತಿರಗ್ಯಾಡತೀ?"

"ಗಾಲಿಕುರ್ಚಿ ಐತಲ್ರಿ ಕಾಕಾ," ಎಂದ ಸಚಿನ.

"ನಿನ್ನ ಕೇಳಿಲ್ಲ ನಾ."

ಗಾಲಿಕುರ್ಚಿ ಮೂಲೆಯಲ್ಲಿತ್ತು. ಕೆಂಪವ್ವ ಅದರ ಮೇಲೆ ನಾಲ್ಕು ಕೌದಿ ಮಡಚಿಟ್ಟಿದ್ದಳು.

ಹೇಗೆ ಓಡಾಡುತ್ತೀ ಎಂದು ಅಲ್ಲಿಯವರೆಗೆ ಯಾರೂ ಗಂಗಾಳನ್ನು ಕೇಳಿರಲಿಲ್ಲ. ಬಾಗಿಲ ಅಳತೆ ಕೇಳಿದ್ದರು, ಆಧಾರ ಕಾರ್ಡು ಕೇಳಿದ್ದರು. ಅವಳು ಹುಡುಗರನ್ನು ಹೊರಗೆ ಕಳಿಸಿ, ಹೊಲಿಗೆ ಮಷಿನ್ನಿನಿಂದ ಒಲೆಯವರೆಗೆ ಹೋಗಿ ಬಂದು ತೋರಿಸಿದಳು. ಅಂದಾನೆಪ್ಪ ರುಮಾಲು ಬಿಚ್ಚಿ ಕಿಟಕಿಯಲ್ಲಿಟ್ಟ. ಗೋಡೆ ಹಿಡಿದುಕೊಂಡು, ನೋವಿಗೆ ಹಲ್ಲು ಕಚ್ಚಿ ನೆಲಕ್ಕೆ ಕೂತ. ನಲವತ್ತೈದು ವರ್ಷ ಕುಕ್ಕರಗಾಲಲ್ಲಿ ಕೂತು ನೆಲಕ್ಕೆ ಫರಸಿಕಲ್ಲು ಹಾಕಿದ ಮೊಣಕಾಲು ಈಗ ಮಡಚುತ್ತಿರಲಿಲ್ಲ. ಕಾಲು ಚಾಚಿ, ಅಂಗೈ ಊರಿ ಅವಳ ಹಾಗೆಯೇ ಮೈ ಎಳೆದುಕೊಂಡು ಹೊರಟ. ಮೂರನೆಯ ಟೈಲಿಗೆ ಕೈ ಜಾರಿ ಮೊಣಕೈ ಬಡಿಯಿತು.

"ಕೆಂಪವ್ವಾ, ಒಂದ ಚರಿಗಿ ನೀರ ಚೆಲ್ಲ ಇಲ್ಲಿ."

ನೀರು ಬಿದ್ದ ಮೇಲೆ ಅವನು ಅಂಗಾತ ಬಿದ್ದ. ಬಿದ್ದಲ್ಲಿಂದಲೇ ಕೂಗಿದ: "ಸಚಿನಾ, ಬಾರೋ ಒಳಗ. ಒಡಿ ಇದನ್ನ."

"ಏನ ಹೇಳತೀರಿ ಕಾಕಾ! ಬರೂ ರವಿವಾರ ಅಂಗಡಿಯವರು ಫೋಟೋ ತಗ್ಯಾಕ ಬರಾಕತ್ತಾರ."

"ಬರಲಿ. ಒಡದದ್ದರ ಫೋಟೋ ತಗೀಲಿ."

"ಗಾಲಿಕುರ್ಚಿಗೆ ನುಣ್ಣಂದ ಇದ್ರ ಚಲೋರಿ..."

"ಕುರ್ಚಿ ಮ್ಯಾಲ ಕೌದಿ ಕುಂತಾವು. ಈಕಿ ಅಂಗೈ ಮ್ಯಾಲ ಅಡ್ಡಾಡತಾಳ. ನೀ ನೆಲಾ ಹಾಕೂದು ಕೌದಿಗೋ, ಈಕಿಗೋ?"

ಸಚಿನ ಎರಡು ರವಿವಾರ ಸಿಟ್ಟಿನಿಂದ ಬರಲಿಲ್ಲ. ಮೂರನೆಯದಕ್ಕೆ ತಾನೇ ಸುತ್ತಿಗೆ ಹಿಡಿದು ಬಂದ. ಹೊಳಪಿಲ್ಲದ ತರಿತರಿ ಟೈಲ್ಸು ಹಾಕಿದರು. ಅಂದಾನೆಪ್ಪ ಪ್ರತಿ ಸಂದಿನ ಮೇಲೂ ಅಂಗೈ ಎಳೆದು ನೋಡಿ, ತಡೆದಲ್ಲಿ ಎಬ್ಬಿಸಿ ಮತ್ತೆ ಕೂರಿಸಿದ.

*

ಅದೇ ಸಚಿನ ಈಗ ಓಣಿಯಲ್ಲಿ ಹಾರ ಹಿಡಿದು ನಿಂತಿದ್ದ. "ಅಕ್ಕಾ, ಗಾಲಿಕುರ್ಚಿ ತರಲೇನು? ಕುರ್ಚಿ ಸಮೇತ ಎತ್ತತೇವಿ."

"ಅದೂ ಎತ್ತೂದ ಆತಲ್ಲೋ ಸಚಿನಾ."

ಮನೆಯ ಮುಂದೆ ಒಂದು ಗುಡ್ಡೆ ಉಸುಕು ಬಿದ್ದಿತ್ತು. ಬಂದವರೆಲ್ಲ ಅದರ ಮೇಲೆ ಚಪ್ಪಲಿ ಬಿಟ್ಟಿದ್ದರು. ಆ ಉಸುಕು ಯಾಕೆ ಬಂದಿದ್ದೆಂದು ಗಂಗಾಳಿಗೆ ಗೊತ್ತಿತ್ತು.

*

ಹೊಸ ನೆಲಕ್ಕೆ ಹಾಲು ಉಕ್ಕಿಸಿದ ದಿನ ಕೆಂಪವ್ವ ಅಂದಾನೆಪ್ಪನನ್ನು ಬಾಗಿಲಲ್ಲೇ ಹಿಡಿದಿದ್ದಳು.

"ಎಲ್ಲಾ ಮಾಡಿದಿ, ಹೊಸ್ತಿಲಾ ಎಲ್ಲಿ? ಹೊಸ್ತಿಲಾ ಇಲ್ಲದ ಮನ್ಯಾಗ ಲಕ್ಷ್ಮಿ ನಿಲ್ಲತಾಳೇನು?"

"ನಿನ್ನ ಮಗಳ ದಾಟಲಾರದ ಹೊಸ್ತಿಲಾ ಲಕ್ಷ್ಮಿಯಾದ್ರೂ ಯಾಕ ದಾಟತಾಳ ಬಿಡ ಬೇ."

ಬೈದ ಮೇಲೆ ಕೂತು ಕರಿಕಲ್ಲಿನ ಒಂದು ಪಟ್ಟಿ ಕೊಯ್ದು, ಬಾಗಿಲ ಕೆಳಗೆ ನೆಲದ ಮಟ್ಟಕ್ಕೆ ಕೂರಿಸಿಕೊಟ್ಟ. ಕೆಂಪವ್ವ ದಿನಾ ಅದಕ್ಕೆ ಅರಿಶಿನ ಹಚ್ಚುತ್ತಾಳೆ. ಗಂಗಾ ದಾಟಿದಾಗೆಲ್ಲ ಅಂಗೈ ಹಳದಿಯಾಗುತ್ತದೆ. ಹೊಲಿಯಲು ಕೊಟ್ಟವರು ಕುಬಸಕ್ಕೆ ಅರಿಶಿನ ಹತ್ತಿದೆಯೆಂದು ಜಗಳ ತೆಗೆದದ್ದೂ ಉಂಟು.

ಅಂದು ಗಂಗಾ ಕೇಳಿದ್ದಳು: "ನಿಮ್ಮ ಮನಿ ನೋಡಬೇಕ ಕಾಕಾ. ಒಂದರಂಗ ಒಂದ ಫರಸಿ ಇಲ್ಲಂತಲ್ಲ ಅಲ್ಲಿ?"

"ಮಂದಿ ಮನ್ಯಾಗ ಉಳದದ್ದು ತಂದ ಹಾಕೇನಿ. ನೋಡಾಕೇನೈತಿ? ಮೂರ ಪಾವಟಿಗಿ ಅದಾವು. ದೀಪಾವಳಿಗೆ ಒಡದ ಇಳಿಜಾರ ಮಾಡತೇನಿ, ಆವಾಗ ಬಾ."

ದೀಪಾವಳಿಗೆ ಉಸುಕು ಬಂತು. ಸಂಕ್ರಾಂತಿಗೆ ಅದರ ಮೇಲೆ ನಾಯಿ ಮಲಗತೊಡಗಿತು. ಮೊಣಕಾಲಿನ ನೆಪ ಹೇಳುತ್ತ ಹೇಳುತ್ತ ಅಂದಾನೆಪ್ಪ ನಿನ್ನೆ ಚಹಾದ ಹೊತ್ತಿಗೆ ಎದೆ ಹಿಡಿದುಕೊಂಡು ಹೋಗಿಬಿಟ್ಟ.

*

ಒಳಗೆ ಅಯ್ಯನವರು ಗಂಟೆ ಬಾರಿಸಿದರು. "ಯಾರಾರ ವಿಭೂತಿ ಹಚ್ಚಾವರಿದ್ರ ಲಗೂ ಬರ್ರಿ," ಎಂದು ಶಂಕ್ರೆಪ್ಪ ಕೂಗಿದ.

ಗಂಗಾ ವೇಲನ್ನು ಸೊಂಟಕ್ಕೆ ಬಿಗಿದು ಕಟ್ಟಿದಳು. ಸ್ಕೂಟರಿನಿಂದ ಜಾರಿ ನೆಲಕ್ಕಿಳಿದಳು. ಹೆಣಕ್ಕೆ ನೀರು ಹಾಕಿದ್ದರಿಂದ ಓಣಿ ಕೆಸರಾಗಿತ್ತು. ಸಚಿನ ಮುಂದೆ ಬಂದ.

"ಮುಟ್ಟಿದ್ರ ನೋಡ," ಎಂದಳು.

ಬಾಗಿಲ ಬಳಿ ಕೂತಿದ್ದ ಭಜನೆಯವರ ತಾಳ ತಪ್ಪಿತು. ಕೆಲವರು ಮುಖ ತಿರುಗಿಸಿಕೊಂಡರು, ಕೆಲವರು ಬಾಯಿ ತೆರೆದು ನೋಡಿದರು. ಮೆಟ್ಟಿಲಿಗೆ ಬೆನ್ನು ಮಾಡಿ ಕೂತು, ಹಿಂದೆ ಕೈ ಊರಿ ಒಂದೊಂದಾಗಿ ಏರಿದಳು. ಹೊಸ್ತಿಲಿನ ಅಂಚು ಸೊಂಟಕ್ಕೆ ಜೋರಾಗಿ ಬಡಿಯಿತು. ಬಾಯಿಂದ ಒಂದು ಬೈಗುಳ ಬಂತು. ಯಾರಿಗೆ ಎಂದು ಅವಳಿಗೂ ಗೊತ್ತಿರಲಿಲ್ಲ. ಕೆಂಪವ್ವ ಅಳುತ್ತ ಗೋಡೆಗೆ ಸರಿದು ನಿಂತಳು.

ಒಳಗೆ ಹೆಂಗಸರು ಕಾಲು ಮಡಚಿ ದಾರಿ ಬಿಟ್ಟರು. ಅಂಗೈ ಕೆಳಗೆ ಮೊದಲು ಒರಟು ಶಹಾಬಾದಿ ಕಲ್ಲು ಬಂತು, ಆಮೇಲೆ ಕೆಂಪು ಗಾರೆ, ದ್ರಾಕ್ಷಿ ಗೊಂಚಲಿನ ಬಚ್ಚಲ ಟೈಲ್ಸು, ಹಸಿರು ಚುಕ್ಕಿಯ ಮೊಸಾಯಿಕು. ದಪ್ಪ ಬೇರೆ, ಬಣ್ಣ ಬೇರೆ, ಒಂದೊಂದೂ ಒಂದೊಂದು ಮನೆಯದು. ಕೈ ಎಲ್ಲಿಯೂ ತಡೆಯಲಿಲ್ಲ.

"ಈ ಹಸರ ಚುಕ್ಕಿದು ನಮ್ಮ ಪಡಸಾಲಿದು," ಎಂದಳು ಗುರುಬಸವ್ವ ಮೆಲ್ಲಗೆ, ಗಂಗಾಳ ಕೈ ನೋಡುತ್ತ.

"ನಿನ್ನ ಗಂಡ ಜಾರಿ ಬಿದ್ದು ಸೊಂಟಾ ಮುರಕೊಂಡದ್ದು ಇದರ ಮ್ಯಾಲೇ ಏನ ಆಯಿ?" ಎಂದು ಪಕ್ಕದವಳು ಕೇಳಿದಳು.

"ಹೂಂ. ಆವಾಗ ಅಂದಾನೆಪ್ಪಗ ಮೂವತ್ತಿರಬೇಕು. ಬ್ಯಾಡೋ ಅಂದ್ರೂ ಕೇಳಲಿಲ್ಲ. ಮರುದಿನಾನ ಬಂದು ತಾ ಹಾಕಿದ ನೆಲಾ ಪೂರಾ ಕಿತ್ತಾ. ಬ್ಯಾರೇದ ಹಾಕಿ, ಇದನ್ನ ಹೊತಗೊಂಡ ಬಂದು ತಾ ಮಲಗೂ ಜಾಗಾದಾಗ ಹಾಕ್ಕೊಂಡಾ. ಹಂಗ ಇದ್ದಾ ಮನಶ್ಯಾ."

ಆ ಹಸಿರು ಚುಕ್ಕಿಗಳ ಆಚೆ, ಗೋಡೆಗೆ ಆನಿಸಿ ಅಂದಾನೆಪ್ಪನನ್ನು ಕೂಡಿಸಿದ್ದರು. ತಲೆ ವಾಲದಂತೆ ಬಿಳಿ ಬಟ್ಟೆಯಿಂದ ಗೂಟಕ್ಕೆ ಕಟ್ಟಿದ್ದರು. ಕಾಲು ಚಕ್ಕಳಮಕ್ಕಳ ಮಡಚಿತ್ತು.

"ಮಡಚಾಕ ನಾಕ ಮಂದಿ ಬೇಕಾತು ಗಂಗಾ," ಎಂದಳು ಅವನ ಹೆಂಡತಿ ಸಾವಿತ್ರೆವ್ವ, ಮಳೆ ಬಿಸಿಲಿನ ಮಾತಾಡಿದ ಹಾಗೆ. "ಎಂಟ ವರ್ಷದಿಂದ ಮಡಚಿರಲಿಲ್ಲ." ವಿಭೂತಿಯ ತಾಟು ಅವಳತ್ತ ಸರಿಸಿದಳು.

ಬೆಳಗಿನಿಂದ ಬಂದವರೆಲ್ಲ ಸೊಂಟ ಬಗ್ಗಿಸಿ ಹಚ್ಚಿ ಹೋಗಿದ್ದರು. ಗಂಗಾ ಬಗ್ಗಬೇಕಾಗಲಿಲ್ಲ. ಅವನ ಮುಖ ಅವಳ ಮುಖದ ಮಟ್ಟಕ್ಕೇ ಇತ್ತು. ಕೆಸರಾದ ಕೈಯನ್ನು ವೇಲಿಗೆ ಎರಡು ಸಲ ತಿಕ್ಕಿ ಒರೆಸಿ, ಮೂರು ಬೆರಳು ಅದ್ದಿ, ಅವನ ಹಣೆಯ ಮೇಲೆ ಆ ತುದಿಯಿಂದ ಈ ತುದಿಗೆ ಎಳೆದಳು.

"ಟೈಮ ಆತವ್ವಾ, ಏಳ್ರಿನ್ನ," ಎಂದು ಹೊರಗಿನಿಂದ ಶಂಕ್ರೆಪ್ಪ.

ಗಂಗಾ ಸ್ವಲ್ಪ ಹಿಂದೆ ಸರಿದಳು. ಗೌಂಡಿಗಳು ಮಟ್ಟ ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ನೋಡಿದಳು. ನಡುವಿನ ಗೆರೆ ಒಂದು ಕಡೆ ಇಳಿದಿತ್ತು. ಅದನ್ನು ಹೆಬ್ಬೆರಳಿನಿಂದ ಅಳಿಸಿ, ಬೆರಳು ಮತ್ತೆ ತಾಟಿಗೆ ಅದ್ದಿದಳು.