ದ್ರಾಕ್ಷಿಗೊಂದು ರಿಪೋರ್ಟು, ಸೊಸೆಗೊಂದು ರಿಪೋರ್ಟು

ಉಗಾರ ಬುದ್ರುಕದಿಂದ ಆಚೆ ಕಬ್ಬಿನ ಹೊಲ ದಾಟಿದರೆ ಗಿರಿಜವ್ವನ ದ್ರಾಕ್ಷಿ ತೋಟ, ತೋಟದಲ್ಲೇ ಮನೆ. ಗಿರಿಜವ್ವನ ಬಾಯಿ ಬಲು ಜೋರು. ಆಳುಗಳ ಮಾತಿರಲಿ, ಬೆಳೆದ ಮಗ ಶಿವರಾಜನೂ ಅವಳೆದುರು ಸೊಲ್ಲೆತ್ತುವುದಿಲ್ಲ. ಆದರೆ ಸೊಸೆ ಕೋಮಲಳ ವಿಷಯ ಬಂದರೆ ಅದೇ ಗಿರಿಜವ್ವ ಬೆಣ್ಣೆ. ಹೋದ ಬಸುರಿನಲ್ಲಿ ಕೋಮಲಳಿಗೆ ಏಳನೇ ತಿಂಗಳಲ್ಲೇ ನೀರು ಒಡೆದು, ಹುಟ್ಟಿದ ಕೂಸು ಸಂಜೆಯವರೆಗೂ ಉಳಿಯಲಿಲ್ಲ. ಈಗ ಮತ್ತೆ ಐದು ತುಂಬಿದೆ. ಈ ಕೂಸಾದರೂ ದಿನ ತುಂಬಿ ಕೈಗೆ ಬರಲಿ ಎಂದು ಗಿರಿಜವ್ವ ಕಂಡ ಕಂಡ ದೇವರಿಗೆಲ್ಲ ಕೈ ಮುಗಿಯುತ್ತಿದ್ದಳು.

ಅಂಥದ್ದರಲ್ಲಿ ಕೋಮಲ ಕೂತಲ್ಲಿ ಕೂರದೆ, ನಿಂತಲ್ಲಿ ನಿಲ್ಲದೆ ಒದ್ದಾಡುವುದು ಗಿರಿಜವ್ವನ ಕಣ್ಣಿಗೆ ಬಿತ್ತು. ಹೊತ್ತು ಹೊತ್ತಿಗೆ ಲಂಗ ಒಗೆದು, ಯಾರಿಗೂ ಕಾಣದಂತೆ ಹಿತ್ತಲಲ್ಲಿ ಒಣಹಾಕುತ್ತಿದ್ದಳು.

"ಏನಾಗೈತಿ ಬೇ? ಬಾಯಿ ಬಿಟ್ಟ ಹೇಳು."

ಕೋಮಲ ತಲೆ ತಗ್ಗಿಸಿದಳು. "ಬಿಳಿ ಹೋಗಾಕತ್ತೈತ್ರಿ ಅತ್ತಿ. ಕೆಟ್ಟ ವಾಸನಿ. ತುರಿಸ್ತೈತಿ, ಉರೀತೈತಿ."

"ಇಷ್ಟ ಹೌದಲ್ಲ! ನನಗೂ ಆಗಿತ್ತು. ಗುಳಿಗಿ ಉಳದಾವ, ತಡಿ."

ಟ್ರಂಕಿನಿಂದ ಹಳೆಯ ಗುಳಿಗೆ ಹೊರಬಂತು. ಕೋಮಲ ನುಂಗಿದಳು. ಒಂದೆರಡು ದಿನ ಹಗುರವಾಯಿತು, ಮತ್ತೆ ಶುರುವಾಯಿತು. ಗಿರಿಜವ್ವ ಗುಳಿಗೆಯ ಖಾಲಿ ಪಟ್ಟಿ ತೋರಿಸಿ ಔಷಧದಂಗಡಿಯಿಂದ ಅದೇ ಗುಳಿಗೆ ತರಿಸಿದಳು. ಈ ಸಲ ಆ ಹಗುರವೂ ಇಲ್ಲ. ಉರಿ ಹೆಚ್ಚಾಯಿತು, ಸೊಂಟ ನೋಯತೊಡಗಿತು. ಗಿರಿಜವ್ವನಿಗೆ ಹೆದರಿಕೆಯಾಯಿತು. ಹೊರಗೆ ಮಾತ್ರ ತೋರಗೊಡಲಿಲ್ಲ.

ಆ ವಾರ ನರ್ಸ್ ಶೈಲಾ ಬಸುರಿಯರನ್ನು ನೋಡಲು ತೋಟದ ಮನೆಗಳಿಗೆ ಬಂದಳು. ಕೋಮಲಳ ರಕ್ತದೊತ್ತಡ ನೋಡಿ, ಹೊಟ್ಟೆ ಮುಟ್ಟಿ ನೋಡಿ, ಮೆಲ್ಲಗೆ ಒಂದೊಂದೇ ಕೇಳಿದಳು. ಗುಳಿಗೆಯ ಖಾಲಿ ಪಟ್ಟಿ ಕೈಗೆ ಬಂದಾಗ ಅವಳ ಮುಖ ಗಂಭೀರವಾಯಿತು.

"ಕಾಕು, ಇದು ಆಂಟಿಬಯೋಟಿಕ್. ಇದನ್ನ ಕೊಡ್ರಿ ಅಂತ ಯಾರ ಹೇಳಿದ್ರು?"

"ಯಾರ ಹೇಳಬೇಕ್ರಿ ಬಾಯಾರ? ನನಗ ನೆಟ್ಟಗಾಗಿತ್ತು, ಕೊಟ್ಟೆ."

"ನಿಮಗಿದ್ದ ಸೋಂಕ ಬ್ಯಾರೆ, ಈಕಿದು ಬ್ಯಾರೆ ಇರಬಹುದು. ಬಸರಾದಾಗ ತುಸು ಬಿಳಿ ಹೋಗೂದು ಸಹಜ. ಆದ್ರ ವಾಸನಿ, ತುರಿಕಿ, ಉರಿ ಇದ್ರ ಅದು ಸೋಂಕು. ಕೆಲವು ಸೋಂಕಿಗೆ ಆಂಟಿಬಯೋಟಿಕ್ ನಡ್ಯಂಗೇ ಇಲ್ಲ, ಇನ್ನಷ್ಟು ಕೆಡಸ್ತೈತಿ. ಕೆಲವು ಔಷಧ ಹೊಟ್ಟ್ಯಾಗಿನ ಕೂಸಿಗೂ ಆಗಂಗಿಲ್ಲ. ಚಿಕ್ಕೋಡಿ ದವಾಖಾನಿಗೆ ಕರಕೊಂಡ ಹೋಗ್ರಿ. ಡಾಕ್ಟರ್ ಕಡ್ಡೀಲೆ ಸ್ಯಾಂಪಲ್ ತಗೊಂಡು ಲ್ಯಾಬಿಗೆ ಕಳಸ್ತಾರ. ಅಲ್ಲಿ ಆ ರೋಗಾಣು ಬೆಳಸಿ, ಯಾವ ಔಷಧಕ್ಕ ಸಾಯ್ತೈತಿ ಅಂತ ನೋಡ್ತಾರ."

"ಬೆಳಸ್ತಾರ?" ಗಿರಿಜವ್ವ ಗಲ್ಲಕ್ಕೆ ಕೈ ಹಚ್ಚಿದಳು. "ಅಯ್ಯ ನಮ್ಮವ್ವ! ಕೊಲ್ಲಾಕ ಹೋದವ್ರು ಬೆಳಸ್ತಾರಂತ! ಅದೂ ಬಸುರಿಗೆ ಕಡ್ಡಿ ಹಾಕಿ ಸ್ಯಾಂಪಲ್ ತಗಿಯೂದು? ಕೂಸಿಗೆ ಏನರ ಆದ್ರ? ಒಂದು ಕಳಕೊಂಡೀವ್ರಿ, ಇನ್ನೊಂದು ಕಳಕೊಳ್ಳೂದು ನನ್ನ ಕಡಿಂದ ಆಗಂಗಿಲ್ಲ."

"ಹತ್ತಿ ಸುತ್ತಿದ ಮೆತ್ತನ ಕಡ್ಡಿ, ಕಾಕು. ಸವರಿ ತಗೀತಾರ, ಕೂಸಿನ ತನಕಾ ಹೋಗಂಗಿಲ್ಲ. ಸೋಂಕು ಹಂಗ ಬಿಟ್ರೇ ಭಯ. ದಿನಾ ತುಂಬೂ ಮೊದಲ ನೀರು ಒಡೀಬಹುದು."

ಗಿರಿಜವ್ವ ಮುಖ ತಿರುಗಿಸಿದಳು. ಕೇಳಿದ್ದು ನಾಟಿತ್ತು, ಒಪ್ಪಲು ಮನಸ್ಸಿರಲಿಲ್ಲ. ಅಷ್ಟರಲ್ಲಿ ಶಿವರಾಜ ಬಳ್ಳಿಯ ಪರೀಕ್ಷೆಗೆಂದು ದ್ರಾಕ್ಷಿ ಎಲೆಯ ದೇಟುಗಳನ್ನು (ತೊಟ್ಟುಗಳನ್ನು) ಚೀಲಕ್ಕೆ ತುಂಬಿಕೊಂಡು ಬಂದು ಬೈಕು ಹತ್ತಿದ.

"ಯವ್ವಾ, ಲ್ಯಾಬಿಗೆ ಕೊಟ್ಟ ಬರ್ತೀನಿ. ಗೊಬ್ಬರದಂವ ಬಂದಾನ, ಚೀಲ ಇಳಸ್ಲಿ ಏನ ಅಂತ ಕೇಳಾಕತ್ತಾನ."

"ಮೊದಲ ರಿಪೋರ್ಟ್ ಬರ್ಲಿ!" ಗಿರಿಜವ್ವ ಗುಡುಗಿದಳು. "ಬಳ್ಳಿಗೆ ಏನ ಕಡಿಮಿ ಆಗೈತಿ ಅಂತ ಗೊತ್ತಾಗದ ಒಂದ ಹಿಡಿ ಗೊಬ್ಬರ ಬಿದ್ರ ನೋಡ ಮತ್ತ! ಹೋದ ವರ್ಷ ಬಾಜೂದಾಂವ ಅಂದಾಜಿನ ಮ್ಯಾಲ ಹಾಕಿ ತ್ವಾಟಾನ ಸುಟ್ಟಕೊಂಡಾನ."

ಆಗ ಮಾತಾಡಿದ್ದು ಶೈಲಾ ಅಲ್ಲ. ಮದುವೆಯಾಗಿ ಬಂದಾಗಿನಿಂದ ಅತ್ತೆಗೆ ಎದುರು ಮಾತಾಡದ ಕೋಮಲ.

"ಅತ್ತಿ, ಬಳ್ಳಿಗೆ ರಿಪೋರ್ಟ್ ಬರೂತನಕಾ ಕಾಯ್ತೀರಿ. ನನಗಷ್ಟ ಯಾಕ್ರಿ ಅಂದಾಜಿನ ಮ್ಯಾಲ ಕೊಡ್ತೀರಿ?" ಅವಳ ಕಣ್ಣು ತುಂಬಿತ್ತು. "ನನಗ ಈ ಕೂಸು ಬೇಕ್ರಿ."

ಗಿರಿಜವ್ವನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬದಲಿಗೆ ಅಳು ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡು ಕೂಗಿದಳು: "ಶಿವ್ಯಾ, ದೇಟು ಅತ್ತಾಗ ಇಡು. ಕಾರ್ ಹೇಳು. ಚಿಕ್ಕೋಡಿಗೆ ಹೋಗೂದೈತಿ."

ಸ್ಯಾಂಪಲ್ ತೆಗೆಯುವಾಗ ಗಿರಿಜವ್ವ ಬಾಗಿಲ ಹೊರಗೇ ನಿಂತಿದ್ದಳು. ಕೋಮಲ ನಗುತ್ತಲೇ ಹೊರಬಂದಳು. "ಅಷ್ಟೇನೂ ನೋಯಲಿಲ್ರಿ ಅತ್ತಿ."

ಮುಂದಿನ ಎರಡು ಮೂರು ದಿನ ಕಾಯುವುದೇ ಕಷ್ಟವಾಯಿತು. ಕೈ ಟ್ರಂಕಿನ ಕಡೆಗೇ ಹೋಗುತ್ತಿತ್ತು, ಆದರೂ ಗಿರಿಜವ್ವ ತಡೆದುಕೊಂಡಳು. ಕೊನೆಗೆ ರಿಪೋರ್ಟು ಬಂತು. ಡಾಕ್ಟರಮ್ಮ ಬಿಡಿಸಿ ಹೇಳಿದರು. ಮನೆಯಲ್ಲಿ ಕೊಟ್ಟ ಗುಳಿಗೆಗೆ ಈ ರೋಗಾಣು ಜಗ್ಗುವುದೇ ಇಲ್ಲ. ಅದು ಬಗ್ಗುವ ಔಷಧಗಳು ಬೇರೆ ಇವೆ. ಅವುಗಳಲ್ಲಿ ಬಸುರಿಗೂ ಕೂಸಿಗೂ ತೊಂದರೆ ಕೊಡದ ಒಂದನ್ನು ಆರಿಸಿ ಬರೆದರು.

"ಹೋದ ಸಲದ ಕೂಸೂ ಇದಕ್ಕ ಹೋತೇನ್ರಿ?" ಗಿರಿಜವ್ವ ಕೇಳಿದಳು.

"ಅದನ್ನ ಈಗ ಹೇಳಾಕ ಬರಂಗಿಲ್ರಿ ಅಮ್ಮಾ. ಈ ಸಲ ಹೊತ್ತಿಗೆ ಸರಿಯಾಗಿ ಬಂದೀರಿ, ಅದ ದೊಡ್ಡದು."

ಔಷಧ ಶುರುವಾಗಿ ಕೆಲವೇ ದಿನಕ್ಕೆ ಉರಿ, ವಾಸನೆ ಎಲ್ಲ ಇಳಿಯಿತು. "ಆರಾಮಾತಲ್ರಿ, ಉಳಿದ ಗುಳಿಗಿ ಎತ್ತಿಡ್ಲೇನು?" ಎಂದಳು ಕೋಮಲ.

"ಎತ್ತಿಟ್ಟ ಯಾರಿಗೆ ಕೊಡಾಕಿ, ನನ್ನಂಗ?" ಗಿರಿಜವ್ವ ನೀರಿನ ತಂಬಿಗೆ ಹಿಡಿದು ಎದುರಿಗೇ ನಿಂತಳು. "ಡಾಕ್ಟರ್ ಹೇಳಿದಷ್ಟೂ ಮುಗಸಬೇಕು. ಬಾಯಿ ತಗಿ!"

ಏಳನೇ ತಿಂಗಳು ಬಂತು. ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಏಳು ಕಳೆಯಿತು, ಎಂಟು ಕಳೆಯಿತು. ದಿನ ತುಂಬಿದ ಮೇಲೆ ಆಸ್ಪತ್ರೆಯಲ್ಲಿ ಗುಂಡು ಗುಂಡಗಿನ ಹೆಣ್ಣು ಕೂಸು ಹುಟ್ಟಿತು. ಅದರ ಅಳು ಕೇಳಿ ಗಿರಿಜವ್ವನೂ ಅತ್ತಳು.

ಶೈಲಾ ಕೂಸು ನೋಡಲು ಬಂದಾಗ ಗಿರಿಜವ್ವ ಅವಳ ಎರಡೂ ಕೈ ಹಿಡಿದಳು. "ನಿಮ್ಮ ಉಪಕಾರ ಈ ಜನ್ಮದಾಗ ಮರೆಯಂಗಿಲ್ರಿ ಬಾಯಾರ." ಆಮೇಲೆ ಸೊಸೆಯ ತಲೆ ಸವರಿದಳು. "ನಿನ್ನದೂ ಬೇ. ಅವತ್ತ ನೀ ನನ್ನ ಬಾಯಿ ಮುಚ್ಚಸಿದ್ದಕ್ಕ ಈ ಕೂಸು ನನ್ನ ತೊಡಿ ಮ್ಯಾಲೈತಿ."

ಅಕ್ಕತಂಗಿಯರೇ, ಅವ್ವಂದಿರೇ, ಇದು ನಾಚಿಕೆಯ ಮಾತಲ್ಲ, ಜೀವದ ಮಾತು. ಬಸುರಿನಲ್ಲಿ ವಾಸನೆಯ ಬಿಳಿ ಸೆರಗು, ತುರಿಕೆ, ಉರಿ ಕಂಡರೆ ನರ್ಸಿಗೋ ಡಾಕ್ಟರಿಗೋ ತೋರಿಸಿ. ನೀರು ಸೋರಿದರೆ, ರಕ್ತ ಕಂಡರೆ, ಜ್ವರ ಬಂದರೆ ಅದೇ ಗಳಿಗೆ ಆಸ್ಪತ್ರೆಗೆ ಹೊರಡಿ. ಇನ್ನೊಬ್ಬರಿಗೆ ಬರೆದ ಗುಳಿಗೆ ನುಂಗಬೇಡಿ, ಡಾಕ್ಟರು ಪರೀಕ್ಷೆ ಹೇಳಿದರೆ ಮಾಡಿಸಿ, ಕೊಟ್ಟ ಔಷಧ ಪೂರ್ತಿ ಮುಗಿಸಿ. ಕೆಲವು ಸೋಂಕಿಗೆ ಗಂಡನಿಗೂ ಔಷಧ ಬೇಕಾಗುತ್ತದೆ, ಅವನನ್ನೂ ಕರೆದೊಯ್ಯಿರಿ. ಅತ್ತೆಯಂದಿರಿಗೆ ಇನ್ನೊಂದು ಮಾತು: ಎಲ್ಲ ಸೊಸೆಯರಿಗೂ ಕೋಮಲಳ ಧೈರ್ಯ ಇರುವುದಿಲ್ಲ. ಅವಳು ಹೇಳಲಿ ಎಂದು ಕಾಯಬೇಡಿ. ಇವತ್ತೇ ಹತ್ತಿರ ಕೂರಿಸಿಕೊಂಡು ನೀವೇ ಕೇಳಿ.