ಅರ್ಧ ಆಟದ ಪಾಳಿ

ಭಾನುವಳ್ಳಿಯ ಗುತ್ತೆಪ್ಪನಿಗೆ ಊರಿನಲ್ಲಿದ್ದ ಮರ್ಯಾದೆಯೆಲ್ಲ ನೀರಿನಿಂದ ಬಂದದ್ದು. ಅವನ ಗದ್ದೆ ಇದ್ದದ್ದು ಎರಡೂವರೆ ಎಕರೆ. ಆದರೆ ಭದ್ರಾ ನಾಲೆಯ ಕೊನೆಯ ತೂಬಿನ ಕೆಳಗೆ ಭತ್ತ ಹಚ್ಚಿದ ಹದಿನಾಲ್ಕು ಮನೆಯವರಿಗೆ ಯಾವಾಗ ಯಾರಿಗೆ ನೀರು ಎಂದು ಹೇಳುವವನು ಅವನೇ. ನಾಲೆಯಲ್ಲಿ ನೀರು ಇಳಿದ ವಾರ ಪಾಳಿ ಹಾಕುತ್ತಿದ್ದ. ಒಬ್ಬನ ಮನೆಯಲ್ಲಿ ಮದುವೆಯಿದ್ದರೆ ಅವನ ಪಾಳಿಯನ್ನು ಪಕ್ಕದವನಿಗೆ ಕೊಟ್ಟು, ಪಕ್ಕದವನದನ್ನು ಇವನಿಗೆ ತಂದು, ಅರ್ಧ ಇವತ್ತು ಅರ್ಧ ನಾಳಿದ್ದು ಎಂದು ಸೀಳಿ, ಹೇಗೋ ಎಲ್ಲರ ಗದ್ದೆಯನ್ನೂ ಒದ್ದೆ ಮಾಡುತ್ತಿದ್ದ. ಅದಕ್ಕಿದ್ದ ಕಟ್ಟಳೆ ಒಂದೇ. ಯಾರ ಪಾಳಿ ಮುಟ್ಟಬೇಕೋ ಅವರನ್ನು ಮೊದಲು ಕೇಳಬೇಕು. ಹದಿನೆಂಟು ವರ್ಷದಲ್ಲಿ ಆ ತೂಬಿನ ಹತ್ತಿರ ಒಬ್ಬರ ಮೇಲೊಬ್ಬರು ಗುದ್ದಲಿ ಎತ್ತಿದ್ದಿಲ್ಲ.

ಹಾಗಾಗಿ ಮಗಳ ಆಟದ ವಿಷಯ ತನ್ನಿಂದ ಬಗೆಹರಿಯದೆ ಹೋದೀತು ಎಂದು ಅವನಿಗೆ ಅನ್ನಿಸಿರಲೇ ಇಲ್ಲ.

ಮಗಳು ಪದ್ಮಶ್ರೀ ಹರಿಹರದ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಹತ್ತನೇ ತರಗತಿ. ಎಂಟನೇ ತರಗತಿಯಲ್ಲಿದ್ದಾಗ, ಉಳಿದವರಿಗಿಂತ ಒಂದು ಗೇಣು ಎತ್ತರ ಇದ್ದಾಳೆಂಬ ಒಂದೇ ಕಾರಣಕ್ಕೆ ಪಿ.ಟಿ. ಟೀಚರ್ ದ್ರಾಕ್ಷಾಯಣಮ್ಮ ಅವಳನ್ನು ಫುಟ್‌ಬಾಲ್ ಗೋಲಿನ ಎರಡು ಕಂಬಗಳ ನಡುವೆ ನಿಲ್ಲಿಸಿದ್ದರು. ನಿಂತವಳು ಅಲ್ಲೇ ಬೇರು ಬಿಟ್ಟಳು. ಚೆಂಡು ಎತ್ತ ಬಂದರೂ ಅದರ ಮುಂದೆ ಬೀಳುವುದು, ಮೊಣಕೈ ತರಚಿಕೊಂಡು ಏಳುವುದು, ಮತ್ತೆ ಬೀಳುವುದು. ಮರುವರ್ಷ ಒಂದು ಪಂದ್ಯದಲ್ಲಿ ಅವಳನ್ನು ನೋಡಿದ ದಾವಣಗೆರೆಯ ಕೋಚ್ ಬಕ್ಕೇಶ್, ವಿನೋಬನಗರದ ತಮ್ಮ ಕ್ಲಬ್ಬಿಗೆ ಸೇರಿಸಿಕೊಂಡರು. ಜಿಲ್ಲೆಯಲ್ಲಿ ಹುಡುಗಿಯರನ್ನು ರಾಜ್ಯದ ಲೀಗಿಗೆ ಕಳಿಸುತ್ತಿದ್ದ ಕ್ಲಬ್ ಅದೊಂದೇ.

ಅಲ್ಲಿಂದ ಶುರುವಾಯಿತು ಓಡಾಟ. ಬೆಳಿಗ್ಗೆ ಏಳೂಕಾಲರ ಬಸ್ಸಿಗೆ ಹರಿಹರ. ವಾರಕ್ಕೆ ಮೂರು ದಿನ ಕೊನೆಯ ಪೀರಿಯಡ್ ಬಿಟ್ಟು, ದ್ರಾಕ್ಷಾಯಣಮ್ಮ ಬರೆದುಕೊಟ್ಟ ಚೀಟಿಯನ್ನು ಗೇಟಿನಲ್ಲಿ ತೋರಿಸಿ ದಾವಣಗೆರೆ ಬಸ್ಸು. ಅಲ್ಲಿಂದ ಆವರಗೆರೆ ಕಡೆಯ ಮೈದಾನಕ್ಕೆ ಆಟೋ. ಕತ್ತಲಾದ ಮೇಲೆ ತಿರುಗಿ ಹರಿಹರ, ಹರಿಹರದಿಂದ ಊರು. ಗಣಿತದ ಸ್ಪೆಷಲ್ ಕ್ಲಾಸು ಬಿದ್ದದ್ದೂ ಅದೇ ಮೂರು ದಿನದ ಕೊನೆಯ ಪೀರಿಯಡ್ಡಿಗೆ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬರೆದ ಅವಳ ಲೆಕ್ಕಗಳನ್ನು ನೋಡಿದ ಗಣಿತದ ಮೇಷ್ಟ್ರು, ಇದು ಪ್ರಮೇಯವೋ ರಸ್ತೆಯ ಗುಂಡಿಗಳ ನಕ್ಷೆಯೋ ಎಂದು ಇಡೀ ತರಗತಿಯ ಮುಂದೆ ಕೇಳಿದ್ದರು.

ಆದರೂ ವರ್ಷ ಹೇಗೋ ನಡೆದಿತ್ತು. ಸೆಪ್ಟೆಂಬರಿನಲ್ಲಿ ಎರಡೂ ಕಡೆಯವರಿಗೆ ಒಂದೇ ಶನಿವಾರ ಬೇಕಾಯಿತು. ಬೆಳಿಗ್ಗೆ ಒಂಬತ್ತಕ್ಕೆ ದಾವಣಗೆರೆಯಲ್ಲಿ ಕ್ಲಬ್ಬಿನ ಪಂದ್ಯ. ಅದನ್ನು ನೋಡಿಯೇ ರಾಜ್ಯದ ಲೀಗಿಗೆ ಬಕ್ಕೇಶ್ ಪಟ್ಟಿ ಬರೆಯುವವರು. ಗೋಲು ಕಾಯುವವರು ಕ್ಲಬ್ಬಿನಲ್ಲಿ ಇಬ್ಬರಿದ್ದರು. ಪದ್ಮಶ್ರೀ ಒಬ್ಬಳು, ದಾವಣಗೆರೆಯ ಸ್ನೇಹಾ ಇನ್ನೊಬ್ಬಳು. ಅವರಲ್ಲಿ ಒಬ್ಬಳು ಆಡುವವಳು, ಮತ್ತೊಬ್ಬಳು ಬೆಂಚಿನ ಮೇಲೆ ಕೂರುವವಳು. ಅದೇ ಶನಿವಾರ ಹನ್ನೊಂದೂವರೆಗೆ ಹರಿಹರದಲ್ಲಿ ಪ್ರೌಢಶಾಲೆಗಳ ಜಿಲ್ಲಾ ಮಟ್ಟದ ಫೈನಲ್. ಶಾಲೆಯ ಆಟದಲ್ಲಿ ಕಾಲು ಮುರಿದುಕೊಂಡರೆ ಕ್ಲಬ್ಬಿನ ಇಡೀ ವರ್ಷ ಮಣ್ಣುಪಾಲು, ಹೋಗಕೂಡದು ಎಂದರು ಬಕ್ಕೇಶ್. ತಾನು ನೆಟ್ಟ ಸಸಿಯ ನೆರಳಲ್ಲಿ ದಾವಣಗೆರೆಯವರು ಬಂದು ಕೂತಿದ್ದಾರೆ, ಶಾಲೆಗೆ ಆಡದವಳಿಗೆ ಚೀಟಿ ಯಾಕೆ ಬರೆಯಲಿ ಎಂದರು ದ್ರಾಕ್ಷಾಯಣಮ್ಮ. ಶಾಲೆ ತಂಡ ಬಿಟ್ಟರೆ ಚೀಟಿ ಇಲ್ಲ, ಚೀಟಿ ಇಲ್ಲದಿದ್ದರೆ ಕ್ಲಬ್ ಇಲ್ಲ, ಕ್ಲಬ್ ಇಲ್ಲದಿದ್ದರೆ ಮಗಳು ಊಟ ಬಿಡುತ್ತಾಳೆ.

ಗುತ್ತೆಪ್ಪ ಎರಡು ದಿನ ಬದುವಿನ ಮೇಲೆ ಕೂತು ಯೋಚಿಸಿದ. ಒಂಬತ್ತಕ್ಕೆ ಶುರುವಾದ ಆಟದ ಮೊದಲರ್ಧ ಒಂಬತ್ತೂಮುಕ್ಕಾಲಕ್ಕೆ ಮುಗಿಯುತ್ತದೆ. ಬೈಕಿನಲ್ಲಿ ಹರಿಹರಕ್ಕೆ ಅರ್ಧ ಗಂಟೆ. ಅಂದರೆ ಅರ್ಧ ಅಲ್ಲಿ, ಪೂರ್ತಿ ಇಲ್ಲಿ, ನಡುವೆ ಒಂದು ಗಂಟೆಯ ಬಿಡುವು ಬೇರೆ. ಇಷ್ಟು ಸುಲಭದ ಪಾಳಿಯನ್ನು ಅವನು ಆ ತೂಬಿನ ಮೇಲೆ ಯಾವತ್ತೂ ಹಾಕಿರಲಿಲ್ಲ. ಹಿತ್ತಲಿನಿಂದ ಎರಡು ಸಿಹಿಗುಂಬಳ ಕಿತ್ತು ಚೀಲಕ್ಕೆ ಹಾಕಿಕೊಂಡು, ಒಂದನ್ನು ದಾವಣಗೆರೆಯಲ್ಲಿ ಬಕ್ಕೇಶ್‌ಗೂ ಇನ್ನೊಂದನ್ನು ಹರಿಹರದಲ್ಲಿ ದ್ರಾಕ್ಷಾಯಣಮ್ಮನವರಿಗೂ ಕೊಟ್ಟು, ಇಬ್ಬರನ್ನೂ ಒಪ್ಪಿಸಿ ಬಂದ. ದ್ರಾಕ್ಷಾಯಣಮ್ಮ ಹನ್ನೊಂದಕ್ಕೆ ಸರಿಯಾಗಿ ಕರೆತರಬೇಕು ಎಂದಷ್ಟೇ ಹೇಳಿದರು. ಬಕ್ಕೇಶ್ ಒಂದು ಮಾತು ಹೆಚ್ಚಿಗೆ ಹೇಳಿದರು.

"ಅರ್ಧ ಆಡಿಸ್ತೀನಿ ಗುತ್ತೆಪ್ಪಣ್ಣ. ಆದ್ರೆ ಹೊರಗೆ ಹೋದೋಳು ಮತ್ತೆ ಒಳಗೆ ಬರಂಗಿಲ್ಲ. ಉಳಿದ ಅರ್ಧ ಸ್ನೇಹಾ ಆಡ್ತಾಳೆ. ಅದನ್ನೂ ನೋಡೇ ನಾನು ಪಟ್ಟಿ ಬರೆಯಾದು."

ಗುತ್ತೆಪ್ಪನಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ತನ್ನ ಪಾಳಿ ಮುಗಿದ ಮೇಲೆ ಪಕ್ಕದವನು ನೀರು ಹಾಯಿಸಿದರೆ ಯಾರಾದರೂ ತಕರಾರು ತೆಗೆಯುತ್ತಾರೆಯೇ?

ಮನೆಗೆ ಬಂದು ಗೆದ್ದವನ ಹಾಗೆ ಹೇಳಿದ. ಹೆಂಡತಿ ಕೆಂಚವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಮಗಳೇನು ಕೊನೆ ತೂಬಿನ ಗದ್ದೆಯೇನು, ಪಾಳಿ ಹಾಕಾಕೆ?" ಎಂದಳು. ಪದ್ಮಶ್ರೀ ಪಡಸಾಲೆಯಲ್ಲಿ ಕೂತು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಗ್ಲೌಸಿನ ಕೆಸರು ತಿಕ್ಕುತ್ತಿದ್ದಳು. ಅಪ್ಪ ಹೇಳಿ ಮುಗಿಸುವವರೆಗೂ ತಿಕ್ಕಿದಳು, ಆಮೇಲೂ ತಿಕ್ಕಿದಳು. ಮಾತಾಡದ್ದನ್ನು ಗುತ್ತೆಪ್ಪ ಒಪ್ಪಿಗೆ ಎಂದುಕೊಂಡ.

ಶನಿವಾರ ಎಂಟೂವರೆಗೇ ಅಪ್ಪ ಮಗಳು ದಾವಣಗೆರೆಯ ಮೈದಾನದಲ್ಲಿದ್ದರು. ಒಂಬತ್ತಕ್ಕೆ ಎರಡೂ ತಂಡ ಸಾಲಾಗಿ ನಿಂತವು. ಆದರೆ ಚೆಂಡು ಒದೆಯಬೇಕಾದ ಮುಖ್ಯ ಅತಿಥಿ ಬಂದಿರಲಿಲ್ಲ. ಶಾಮಿಯಾನದ ಕೆಳಗೆ ದೀಪದ ಕಂಬಕ್ಕೆ ಎಣ್ಣೆ ಹಾಕಿ ಕಾದರು. ಒಂಬತ್ತೂವರೆಗೆ ಅವರು ಹೊರಟಿದ್ದಾರೆ ಎಂದು ಮೈಕಿನಲ್ಲಿ ಹೇಳಿದರು, ಒಂಬತ್ತೂಮುಕ್ಕಾಲಕ್ಕೆ ದಾರಿಯಲ್ಲಿದ್ದಾರೆ ಎಂದರು. ಬಂದ ಮೇಲೆ ಶಾಲು, ಹಾರ, ಸ್ವಾಗತ. ಅತಿಥಿಗಳು ತಮ್ಮ ಕಾಲದ ಕಬಡ್ಡಿಯನ್ನು ನೆನೆದುಕೊಂಡು ಇಪ್ಪತ್ತು ನಿಮಿಷ ಮಾತಾಡಿದರು. ಗುತ್ತೆಪ್ಪ ವಾಚು ನೋಡಿಕೊಳ್ಳುತ್ತ, ನಾಲೆಯ ಮೇಲ್ಭಾಗದವರು ಹೇಳದೆ ಕೇಳದೆ ನೀರು ತಿರುಗಿಸಿಕೊಂಡ ದಿನಗಳಲ್ಲಿ ಬರುತ್ತಿದ್ದಂಥ ಸಿಟ್ಟನ್ನು ನುಂಗುತ್ತ ನಿಂತ. ಅಲ್ಲಿಯಾದರೆ ಹೋಗಿ ಕೇಳಬಹುದಿತ್ತು. ಇಲ್ಲಿ ಯಾರನ್ನು ಕೇಳುವುದು?

ಆಟ ಶುರುವಾದಾಗ ಹತ್ತೂವರೆ.

ಪದ್ಮಶ್ರೀ ಆವತ್ತು ಆಡಿದ ಹಾಗೆ ಎಂದೂ ಆಡಿರಲಿಲ್ಲ. ಎಡಮೂಲೆಗೆ ಬಂದ ಒಂದು ಚೆಂಡನ್ನು ಪೂರ್ತಿ ಮೈ ಚಾಚಿ ಬೆರಳ ತುದಿಯಿಂದ ಆಚೆ ತಳ್ಳಿದಳು. ಇನ್ನೊಂದನ್ನು ಒದೆಯಲು ಬಂದವಳ ಕಾಲಿಗೇ ಬಿದ್ದು ಎದೆಗವಚಿಕೊಂಡಳು. ಬಕ್ಕೇಶ್ ಕೂತಲ್ಲಿಂದ ಎದ್ದು ನಿಂತದ್ದನ್ನು ಗುತ್ತೆಪ್ಪ ನೋಡಿದ. ಹನ್ನೊಂದೂಕಾಲಿಗೆ ಮೊದಲರ್ಧ ಮುಗಿದಾಗ ಎರಡೂ ಕಡೆ ಗೋಲಿಲ್ಲ. ಅವನು ಆಗಲೇ ಬೈಕು ತಿರುಗಿಸಿಕೊಂಡು ಗೇಟಿನ ಹತ್ತಿರ ನಿಂತಿದ್ದ. ಮಗಳು ಬಂದಳು, ಗ್ಲೌಸು ಬಿಚ್ಚಿರಲಿಲ್ಲ.

"ಅಪ್ಪ, ಹೆಂಗೂ ತಡ ಆಗೈತೆ. ಇಲ್ಲೇ ಮುಗಿಸಿ ಹೋಗಾಣ."

"ಮಾತು ಕೊಟ್ಟೀನಿ ಕಣವ್ವ. ಹತ್ತು."

ಅವಳು ಒಮ್ಮೆ ಹಿಂದೆ ತಿರುಗಿ ನೋಡಿದಳು. ಕಂಬಗಳ ನಡುವೆ ಸ್ನೇಹಾ ನಿಂತು ಕೈ ಉಜ್ಜಿಕೊಳ್ಳುತ್ತಿದ್ದಳು. ಪದ್ಮಶ್ರೀ ಹತ್ತಿ ಕೂತಳು. ನಡುವಿನ ಊರು ಬಾತಿ ದಾಟುವಾಗಲೂ ಅವಳು ಗ್ಲೌಸು ಬಿಚ್ಚಿರಲಿಲ್ಲ.

ಹರಿಹರದಲ್ಲಿ ಮಾತ್ರ ಎಲ್ಲವೂ ಹೊತ್ತಿಗೆ ಸರಿಯಾಗಿ ನಡೆದಿತ್ತು. ಹನ್ನೊಂದೂಕಾಲಿಗೆ ಹೆಸರು ಕೂಗಿ ರುಜು ಹಾಕಿಸಿಕೊಂಡು, ಹನ್ನೊಂದೂವರೆಗೆ ಆಟ ಶುರು. ಇವರು ಬೈಕು ನಿಲ್ಲಿಸುವಾಗ ಶಾಲೆಯ ಗೋಲಿನಲ್ಲಿ ಕೃತಿಕಾ ನಿಂತಿದ್ದಳು. ಡಿಫೆನ್ಸಿನಲ್ಲಿ ಆಡುವ ಹುಡುಗಿ, ಚೆಂಡು ಕೈಯಲ್ಲಿ ಹಿಡಿದು ಅಭ್ಯಾಸವೇ ಇಲ್ಲದವಳು. ಒಂದು ಗೋಲು ಆಗಲೇ ಬಿದ್ದಿತ್ತು. ಕೂಗಿದಾಗ ಇಲ್ಲದವಳು ಬದಲಿಯಾಗಿಯೂ ಇಳಿಯುವಂತಿಲ್ಲ ಎಂದರು ಮೇಜಿನ ಹಿಂದೆ ಕೂತವರು. ಗುತ್ತೆಪ್ಪ ದಾವಣಗೆರೆಯ ಅತಿಥಿಗಳ ಕತೆಯನ್ನು ಮೊದಲಿನಿಂದ ಹೇಳಿದ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ನಿಯಮದ ಹಾಳೆಯನ್ನು ಅವನ ಕಡೆ ತಿರುಗಿಸಿ ಇಟ್ಟರು.

ಪದ್ಮಶ್ರೀ ಕ್ಲಬ್ಬಿನ ಜೆರ್ಸಿಯಲ್ಲೇ ಗೋಲಿನ ಹಿಂದೆ ಹೋಗಿ ನಿಂತು, ಮುಂದೆ ಬಾ, ಎಡಕ್ಕೆ ಸರಿ ಎಂದು ಕೃತಿಕಾಳಿಗೆ ಹೇಳಿಕೊಡತೊಡಗಿದಳು. ಐದು ನಿಮಿಷದಲ್ಲಿ ಒಬ್ಬರು ಬಂದು ಅವಳನ್ನು ಅಲ್ಲಿಂದಲೂ ಆಚೆ ಕಳಿಸಿದರು. ಶಾಲೆ ಎರಡು ಗೋಲಿನಿಂದ ಸೋತಿತು.

ದ್ರಾಕ್ಷಾಯಣಮ್ಮ ರೇಗಲಿಲ್ಲ. ನೀರಿನ ಬಾಟಲಿಗಳನ್ನು ಎಣಿಸಿ ಚೀಲಕ್ಕೆ ತುಂಬುತ್ತ ಹೇಳಿದರು: "ಕುಂಬಳಕಾಯಿ ಚೆನ್ನಾಗಿತ್ತು ಗುತ್ತೆಪ್ಪನೋರೆ. ಸೋಮವಾರದಿಂದ ಚೀಟಿ ಬರೆಯಂಗಿಲ್ಲ. ಹತ್ತನೇ ಕ್ಲಾಸು, ಗಣಿತ ನೋಡ್ಕೊಳ್ಲಿ."

ಸಂಜೆ ಬಕ್ಕೇಶ್ ಕಳಿಸಿದ ಪಟ್ಟಿ ಫೋನಿಗೆ ಬಂತು. ದ್ವಿತೀಯಾರ್ಧದಲ್ಲಿ ಕ್ಲಬ್ ಗೆದ್ದಿತ್ತು. ಸ್ನೇಹಾ ಒಂದೂ ಗೋಲು ಬಿಟ್ಟಿರಲಿಲ್ಲ. ಗೋಲಿಗೆ ಮೊದಲ ಹೆಸರು ಅವಳದು. ಎರಡನೆಯದು ಪದ್ಮಶ್ರೀ. ಕೆಳಗೆ ಒಂದು ಸಾಲಿತ್ತು: ವಾರದ ಮೂರೂ ದಿನ ಸಂಜೆ ಐದಕ್ಕೆ ಮೈದಾನದಲ್ಲಿ ಇಲ್ಲದವರ ಹೆಸರು ಪಟ್ಟಿಯಿಂದ ಹೋಗುತ್ತದೆ. ಅವಳು ಫೋನನ್ನು ಅಪ್ಪನ ಮುಂದೆ ಇಟ್ಟು ಒಳಗೆ ಹೋದಳು. ಆಡುವ ಜಾಗ ಹೋಗಿತ್ತು. ಬೆಂಚಿನ ಜಾಗವೂ ಚೀಟಿಯಿಲ್ಲದೆ ಒಂದು ವಾರ ಉಳಿಯುವ ಹಾಗಿರಲಿಲ್ಲ.

ಭಾನುವಾರ ಗುತ್ತೆಪ್ಪನ ಗದ್ದೆಯಲ್ಲಿ ಬದುವಿನ ಹುಲ್ಲು ಕೊಯ್ಯುವುದಿತ್ತು. ಬುತ್ತಿ ತಂದ ಪದ್ಮಶ್ರೀ ಬದುವಿನ ಮೇಲೆ ಗಂಟು ಬಿಚ್ಚುತ್ತಿದ್ದಾಗ ಮೇಲಿನ ಗದ್ದೆಯ ಮೈಲಾರಲಿಂಗಪ್ಪ ಬಂದ. ಅವನಿಗೆ ನಾಳೆ ಆಸ್ಪತ್ರೆಗೆ ಹೋಗುವುದಿತ್ತು. ಕೊಟ್ಟೂರೇಶ್‌ನ ಇವತ್ತಿನ ಪಾಳಿಯಲ್ಲಿ ಎರಡು ತಾಸು ತನಗೆ ತಿರುಗಿಸಿಕೊಡು, ಅವನಿಗೆ ನಾಳೆ ತನ್ನದನ್ನು ಕೊಡು ಎಂದ. ಗುತ್ತೆಪ್ಪ ತುತ್ತು ಕೈಯಲ್ಲೇ ಹಿಡಿದು ತಲೆಯಾಡಿಸಿದ.

"ಕೊಟ್ಟೂರೇಶನ್ನ ಕೇಳ್ದೆ ನಾನು ಹೆಂಗೆ ಕೊಡ್ಲಿ? ಪಾಳಿ ಅವನ್ದು. ಮೊದ್ಲು ಅವನ್ನ ಕೇಳಿ ಬಾ."

ಮೈಲಾರಲಿಂಗಪ್ಪ ಗೊಣಗುತ್ತ ಹೋದ. ಪದ್ಮಶ್ರೀ ತಂಬಿಗೆಯಿಂದ ನೀರು ಬಗ್ಗಿಸುತ್ತಿದ್ದವಳು ನಿಲ್ಲಿಸಿದಳು.

"ಕೊಟ್ಟೂರೇಶಣ್ಣನ್ನ ಕೇಳ್ಬೇಕು. ನನ್ನ ಕೇಳಾದು ಬ್ಯಾಡಾಗಿತ್ತಾ ಅಪ್ಪ?"

ಗುತ್ತೆಪ್ಪ ತುತ್ತನ್ನು ತಟ್ಟೆಗೆ ಇಳಿಸಿದ.

ಅವಳು ದನಿಯೇರಿಸಲಿಲ್ಲ. ಆದರೆ ನಾಲ್ಕು ದಿನದಿಂದ ಕಟ್ಟಿಕೊಂಡದ್ದೆಲ್ಲ ಬಂತು. ಎರಡೂ ಆಗುವುದಿಲ್ಲ ಎಂದು ಅವಳಿಗೆ ಮೊದಲೇ ಗೊತ್ತಿತ್ತು. ಹೋದ ತಿಂಗಳೇ ಟೀಚರಿಗೆ ಹೇಳಿ, ಕೃತಿಕಾಳನ್ನು ಗೋಲಿಗೆ ತಯಾರು ಮಾಡಬೇಕು ಎಂದುಕೊಂಡಿದ್ದಳು. ಬಾಯಿ ಬರದೆ ಇವತ್ತು ನಾಳೆ ಎಂದು ದೂಡಿದ್ದಳು. ಅಷ್ಟರಲ್ಲಿ ಅಪ್ಪ ಇಬ್ಬರಿಗೂ ಮಾತು ಕೊಟ್ಟು ಬಂದಾಗಿತ್ತು.

"ಕುಂಬಳಕಾಯಿ ಒಯ್ಯೋ ಬದ್ಲು ನನ್ನ ಒಯ್ದಿದ್ರೆ ನಾನೇ ಹೇಳ್ತಿದ್ದೆ. ಬೈಸ್ಕೊಂತಿದ್ದೆ, ಬರ್ತಿದ್ದೆ."

 ನೀನೂ ಬಾಯಿ ಬಿಟ್ಟು ಹೇಳಲಿಲ್ಲವಲ್ಲ ಎಂದು ಗುತ್ತೆಪ್ಪ ಹೇಳಬಹುದಿತ್ತು. ಆದರೆ ತೂಬಿನ ಮೇಲೆ ಆ ಮಾತು ನಡೆಯುವುದಿಲ್ಲ. ಸುಮ್ಮನಿದ್ದವನ ಪಾಳಿಯನ್ನು ಅವನು ಎಂದೂ ಇನ್ನೊಬ್ಬರಿಗೆ ಬರೆದವನಲ್ಲ. ಕೊನೆಗೆ, ಈಗೇನು ಮಾಡಬೇಕು ಅಂತೀಯವ್ವ ಎಂದು ಕೇಳಿದ. ನಾಳೆ ಶಾಲೆಗೆ ಬಾ, ಆದರೆ ಗೇಟಿನ ಹೊರಗೆ ನಿಲ್ಲು ಎಂದಳು.

ಸೋಮವಾರ ಅವನು ಹೊರಗೇ ನಿಂತ. ಕಿಟಕಿಯಲ್ಲಿ ದ್ರಾಕ್ಷಾಯಣಮ್ಮನವರ ಕೈ ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಮಗಳ ತಲೆ ಬಗ್ಗಿತ್ತು, ಆಮೇಲೆ ಎದ್ದಿತು. ಎರಡು ಸಲ ಒಳಗೆ ನುಗ್ಗಬೇಕೆನ್ನಿಸಿ, ಗೇಟಿನ ಸರಳು ಹಿಡಿದುಕೊಂಡು ತಡೆದುಕೊಂಡ. ಅರ್ಧ ಗಂಟೆಯ ಮೇಲೆ ಬಂದು ಅವಳು ಹೇಳಿದ್ದು ಇಷ್ಟು: ಮಧ್ಯಾಹ್ನದ ಊಟದ ಹೊತ್ತಿನಲ್ಲಿ ದಿನಾ ಕೃತಿಕಾಳಿಗೆ ಗೋಲು ಕಾಯುವುದನ್ನು ಕಲಿಸಬೇಕು. ಚೀಟಿ ಎರಡು ದಿನಕ್ಕೆ ಮಾತ್ರ. ಮೂರನೆಯ ದಿನ, ಗುರುವಾರ, ಗಣಿತದ ಕ್ಲಾಸು ಬಿಡುವ ಹಾಗೇ ಇಲ್ಲ. ಶಾಲೆ ಬಿಡುವುದು ನಾಲ್ಕೂವರೆಗೆ. ಬಸ್ಸಿಗೆ ಹೋದರೆ ಮೈದಾನ ಮುಟ್ಟುವಾಗ ಆರು ಗಂಟೆ. ಐದರ ಒಳಗೆ ಮುಟ್ಟಬೇಕಾದರೆ ಬೈಕೇ ಬೇಕು.

ಗುರುವಾರ ಸಂಜೆ ನಾಲ್ಕರಿಂದ ಏಳರವರೆಗೆ ಗುತ್ತೆಪ್ಪನದೇ ಪಾಳಿ. ಭತ್ತ ತೆನೆ ಕಟ್ಟುವ ಹೊತ್ತು, ಒಂದು ವಾರ ತಪ್ಪಿದರೂ ಕಾಳು ಜೊಳ್ಳು. ಹದಿನೆಂಟು ವರ್ಷದಲ್ಲಿ ತನ್ನ ಪಾಳಿಯನ್ನು ಬದಲಿಸಿಕೊಡಿ ಎಂದು ಅವನು ಯಾರ ಬಾಗಿಲಿಗೂ ಹೋಗಿರಲಿಲ್ಲ.

ಬುಧವಾರ ಸಂಜೆ ಮೈಲಾರಲಿಂಗಪ್ಪನ ಕಟ್ಟೆಯ ಮೇಲೆ ಹೋಗಿ ಕೂತ. ಸುಗ್ಗಿಯವರೆಗೂ ನನ್ನ ಗುರುವಾರದ ಸಂಜೆ ನೀನು ತಗೋ, ನಿನ್ನ ಶುಕ್ರವಾರದ ನಸುಕು ನನಗೆ ಕೊಡು ಎಂದು ಕೇಳಿದ. ಭಾನುವಾರ ಕೊಟ್ಟೂರೇಶ್ ಒಪ್ಪದ್ದರಿಂದ ನೀರು ಕಳೆದುಕೊಂಡಿದ್ದ ಮೈಲಾರಲಿಂಗಪ್ಪ ಎಲೆಗೆ ಸುಣ್ಣ ಹಚ್ಚಿ, ಮಡಚಿ ಬಾಯಿಗಿಟ್ಟ. ಗದ್ದೆ ಹೆಂಡತಿ ಓಬವ್ವನ ಹೆಸರಿನಲ್ಲಿದೆ, ಅವಳನ್ನು ಕೇಳದೆ ಹೇಗೆ ಹೇಳಲಿ ಎಂದ. ಅವಳು ಹಾಲು ಕರೆಯುತ್ತಿದ್ದಳು. ಗುತ್ತೆಪ್ಪ ಕಾದ. ಹಾಲು ಕರೆದಾಯಿತು, ಕರು ಬಿಟ್ಟಾಯಿತು, ಕೊಟ್ಟಿಗೆ ಗುಡಿಸಿಯಾಯಿತು. ಆಮೇಲೆ ಓಬವ್ವ ಹೊರಗೆ ಬಂದು, ಆಗಲಿ, ಆದರೆ ಎರಡೂ ಕಡೆಯ ಬದು ನೋಡಿಕೊಳ್ಳುವುದು ನೀನೇ ಎಂದಳು. ಅವನು ಹೂಂ ಅಂದ.

ಮನೆಗೆ ಬಂದಾಗ ಪದ್ಮಶ್ರೀ ಪಡಸಾಲೆಯಲ್ಲಿ ಲೆಕ್ಕ ಮಾಡುತ್ತಿದ್ದಳು. ಗುರುವಾರ ಸಿಕ್ಕಿತು ಎಂದ. ಅವಳು ರಬ್ಬರಿನಿಂದ ಒಂದು ಸಾಲನ್ನು ಅಳಿಸಿ, ಊದಿ, ಮತ್ತೆ ಬರೆದಳು.

"ಬರೀ ಬೆಂಚಿನ ಮ್ಯಾಲೆ ಕೂರಾಕೆ ಇಷ್ಟೆಲ್ಲ," ಎಂದಳು. ಪುಟ ತಿರುವಿ, "ನಾಕೂವರೆಗೆ ಗೇಟಿನಾಗೆ ಇರು. ಒಂದ್ ನಿಮಿಷ ತಡ ಮಾಡ್ಬ್ಯಾಡ," ಎಂದಳು.

ಗುತ್ತೆಪ್ಪ ಪಾಳಿ ಬರೆದಿಡುವ ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ, ಗುರುವಾರದ ಮನೆಯಲ್ಲಿದ್ದ ತನ್ನ ಪಾಳಿಯನ್ನು ಹೊಡೆದು ಹಾಕಿದ.